ಜೇಡ ಸತ್ತರೆ ಗುಡಿಸಿ ಎಸೆಯಬೇಡಿ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ನಮ್ಮ ಗ್ರಾಮ ಪಂಚಾಯಿತಿಯ ಜನತಾ ಜೀವವೈವಿಧ್ಯ ದಾಖಲಾತಿ ಪುಸ್ತಕವನ್ನು ಕಳೆದ ತಿಂಗಳು ಕೇಳಿ ಪಡೆದು, ಮೊದಲಿನಿಂದ ಕೊನೆಯವರೆಗೆ ಓದಿದೆ. ಅಪ್ಪೆಮಿಡಿಯ ತಳಿಗಳು, ಹಳೆಯ ಭತ್ತಗಳು, ಬೆಟ್ಟದ ಮರಗಳು, ಹೊಳೆಯ ಮೀನುಗಳು ಎಲ್ಲವೂ ಅದರಲ್ಲಿ ಶ್ರದ್ಧೆಯಿಂದ ದಾಖಲಾಗಿವೆ. ಕೀಟಗಳ ಪುಟಕ್ಕೆ ಬಂದಾಗ ಮಾತ್ರ ತುಡುವೆ ಜೇನು, ಹೆಜ್ಜೇನು, ನಾಲ್ಕಾರು ಚಿಟ್ಟೆ, ಅಡಿಕೆಗೆ ಕಾಡುವ ಒಂದೆರಡು ಹುಳ, ಅಲ್ಲಿಗೆ ಮುಗಿಯಿತು. ಜೇಡಗಳಿಗೆ ಒಂದು ಸಾಲೂ ಇಲ್ಲ. 2002ರ ಜೈವಿಕ ವೈವಿಧ್ಯ ಕಾಯ್ದೆಯಡಿ ಈ ಪುಸ್ತಕಗಳನ್ನು 2020ರ ಜನವರಿಯೊಳಗೆ ಸಿದ್ಧಪಡಿಸಲೇಬೇಕೆಂದು ಹಸಿರು ನ್ಯಾಯಮಂಡಳಿ ಗಡುವು ಕೊಟ್ಟಿದ್ದರಿಂದ ಅವಸರದಲ್ಲಿ ಕೆಲಸ ಆಗಿರಬಹುದು. ಬರೆದವರನ್ನು ನಾನು ದೂರುವುದಿಲ್ಲ. ಆದರೆ ಆ ಖಾಲಿ ಪುಟ ನನ್ನನ್ನು ಬಿಡದೆ ಕಾಡುತ್ತಿರುವುದಕ್ಕೆ ಕಾರಣವಾದ, ಜೇಡದ ಹೊಟ್ಟೆಯೊಳಗೆ ಬೆಳೆಯುವ ಒಂದು ಸಣ್ಣ ನೊಣದ ವಿಷಯವನ್ನು ತಮ್ಮ ಪತ್ರಿಕೆಯ ಮೂಲಕ ಜಿಲ್ಲೆಯ ಓದುಗರ ಮುಂದೆ ಇಡಬೇಕೆಂದು ಈ ಪತ್ರ ಬರೆಯುತ್ತಿದ್ದೇನೆ.

ಮೂರು ವರ್ಷಗಳ ಹಿಂದೆ, ಅಡಿಕೆಯ ಕೊನೆಕೊಯ್ಲು ಶುರುವಾಗುವ ಹೊತ್ತಿಗೆ, ತೋಟದ ದಣಪೆಯ ಪಕ್ಕದ ಬೇಲಿಯಲ್ಲಿ ಒಣಗಿ ನಿಂತಿದ್ದ ಕಡ್ಡಿಯೊಂದನ್ನು ಮೊಮ್ಮಗ ಮುರಿದು ತಂದು, "ಅಮ್ಮಮ್ಮ, ಇದ್ಕೆ ತಲೆನೇ ಇಲ್ಲೆ" ಎಂದು ನನ್ನೆದುರು ಹಿಡಿದ. ಕಡ್ಡಿಯ ತುದಿಯಲ್ಲಿ ಅಕ್ಕಿಕಾಳಿಗಿಂತ ತುಸು ಗಿಡ್ಡನೆಯ ನೊಣವೊಂದು ಕೂತಿತ್ತು, ಮುಟ್ಟಿದರೂ ಹಾರಲಿಲ್ಲ. ಭೂತಕನ್ನಡಿ ಹಿಡಿದು ನೋಡಿದಾಗ ಮೊದಲು ಕಂಡದ್ದು ಗೂನು. ಎದೆಯ ಭಾಗ ಗುಡ್ಡದಂತೆ ಉಬ್ಬಿಕೊಂಡಿತ್ತು, ಹೊಟ್ಟೆ ಗಾಳಿ ತುಂಬಿದ ಪುಗ್ಗೆಯ ಹಾಗೆ ದುಂಡಗಿದ್ದು ಅದರ ಮೇಲೆ ಕಪ್ಪು ಬಿಳಿ ಪಟ್ಟೆಗಳಿದ್ದವು, ರೆಕ್ಕೆಗಳ ಬುಡದಲ್ಲಿ ಮಲ್ಲಿಗೆ ಎಸಳಿನಂಥ ಎರಡು ಬೆಳ್ಳನೆಯ ಚಿಪ್ಪುಗಳು ಮುಚ್ಚಿಕೊಂಡಿದ್ದವು. ತಲೆ ಇಲ್ಲವೆಂದು ಹುಡುಗ ಹೇಳಿದ್ದು ತಪ್ಪಲ್ಲ. ಗೂನಿನ ಕೆಳಗೆ, ಎದೆಗೆ ಅಂಟಿದಂತೆ, ರಾಗಿಕಾಳಿನಷ್ಟೂ ಇಲ್ಲದ ತಲೆಯೊಂದು ಇಳಿಬಿದ್ದಿತ್ತು, ಮತ್ತು ಆ ತಲೆಯೆಂದರೆ ಒಂದಕ್ಕೊಂದು ತಾಗಿಕೊಂಡ ಎರಡು ಕಣ್ಣುಗಳೇ ಹೊರತು ಬೇರೇನೂ ಅಲ್ಲ. ಬಾಯಿ ಎಲ್ಲಿದೆಯೆಂದು ಎಷ್ಟು ಹುಡುಕಿದರೂ ಸಿಗಲಿಲ್ಲ. ಕಡ್ಡಿಯ ಉದ್ದಕ್ಕೂ ಕರಿ ಎಳ್ಳನ್ನು ಪುಡಿಮಾಡಿ ಅಂಟಿಸಿದಂತೆ ಚುಕ್ಕೆಗಳಿದ್ದವು. ಅವು ಅದರ ಮೊಟ್ಟೆಗಳು.

ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ಜೀವಶಾಸ್ತ್ರ ಕಲಿಸಿದ ನನಗೆ ಅದರ ಹೆಸರು ಗೊತ್ತಿರಲಿಲ್ಲ. ಛಾಯಾಚಿತ್ರ ನೋಡಿದ ಪರಿಚಿತ ಕೀಟತಜ್ಞರೊಬ್ಬರು ಇದು ಆಕ್ರೊಸೆರಿಡೆ ಎಂಬ ಕುಟುಂಬದ್ದು, ಬಹುಶಃ ಆಗ್ಕೋಡಿಸ್ ಕುಲದ್ದು ಎಂದು ತಿಳಿಸಿದರು. ಪುಟ್ಟತಲೆಯ ನೊಣಗಳು ಎಂದು ಇವನ್ನು ಕರೆಯಬಹುದು. ಜಗತ್ತಿನಾದ್ಯಂತ ಸುಮಾರು 50 ಕುಲಗಳೂ 500ಕ್ಕೂ ಹೆಚ್ಚು ಪ್ರಭೇದಗಳೂ ಇವುಗಳಲ್ಲಿ ಗುರುತಾಗಿವೆ. ನೊಣ, ಸೊಳ್ಳೆಗಳ ವರ್ಗದಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಪ್ರಭೇದಗಳಿಗೆ ಹೆಸರು ಕೊಟ್ಟಿರುವಾಗ 500 ಎಂಬುದು ಚಿಕ್ಕ ಮನೆತನವೇ ಸರಿ. ಬಾಲ್ಟಿಕ್ ಸಮುದ್ರ ತೀರದ ನಾಲ್ಕು ಕೋಟಿ ವರ್ಷ ಹಳೆಯ ರಾಳದ ಹರಳುಗಳಲ್ಲೂ ಇವು ಸಿಕ್ಕಿರುವುದರಿಂದ ಮನೆತನ ಚಿಕ್ಕದಾದರೂ ಹಳೆಯದು. ಭಾರತದ ಪ್ರಭೇದಗಳನ್ನು ಮೊದಲಿಗೆ ಒಟ್ಟು ಸೇರಿಸಿ ವಿವರಿಸಿದವರು, ವೃತ್ತಿಯಿಂದ ಸಂಗೀತಗಾರರಾಗಿದ್ದ ಎನ್ರಿಕೊ ಬ್ರುನೆಟ್ಟಿ. ಬ್ರಿಟಿಷ್ ಭಾರತದ ಪ್ರಾಣಿಸಂಪತ್ತನ್ನು ಕುರಿತ ಸರಣಿಯಲ್ಲಿ 1920ರಲ್ಲಿ ಬಂದ ಅವರ ಸಂಪುಟದಲ್ಲಿ ಇವು ಸಿರ್ಟಿಡೆ ಎಂಬ ಹಳೆಯ ಹೆಸರಿನಲ್ಲಿವೆ. ಅಲ್ಲಿಂದೀಚೆಗೆ ಒಂದು ಶತಮಾನವೇ ಕಳೆದಿದೆ. ಹಾಗಿದ್ದೂ, ಹಾರುವ ನೊಣ ಹೇಗಿರುತ್ತದೆ ಎಂಬುದರ ಆಚೆಗೆ, ಅದು ಎಲ್ಲಿ ಬೆಳೆದು ಬಂತು ಎಂಬ ಮಾತು ಹೆಚ್ಚಿನ ಪ್ರಭೇದಗಳ ಬಗ್ಗೆ ದಾಖಲಾಗಿಲ್ಲ.

ಈ ಕುಟುಂಬದ ನೊಣಗಳು ಬೆಳೆಯುವುದು ಜೀವಂತ ಜೇಡದ ಹೊಟ್ಟೆಯೊಳಗೆ. ಆ ಬದುಕಿನ ಕ್ರಮವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ನನ್ನ ವಿನಂತಿ ಪೂರ್ತಿ ಅದರ ಮೇಲೆಯೇ ನಿಂತಿದೆ.

ಹೆಣ್ಣು ನೊಣ ಜೇಡವನ್ನು ಹುಡುಕಿಕೊಂಡು ಹೋಗುವುದಿಲ್ಲ. ಒಣ ಕಡ್ಡಿ, ಹುಲ್ಲಿನ ದಂಟು, ಮರದ ತೊಗಟೆಯಂಥ ಜಾಗದಲ್ಲಿ ನೂರಾರು, ಕೆಲವು ಪ್ರಭೇದಗಳಲ್ಲಿ ಸಾವಿರಾರು ಮೊಟ್ಟೆಗಳನ್ನಿಟ್ಟು ತನ್ನ ಪಾಡಿಗೆ ಸಾಯುತ್ತದೆ. ಆಗ್ಕೋಡಿಸ್ ಕುಲದ ನೊಣಗಳಿಗೆ ತಿನ್ನುವ ಬಾಯಿಯೇ ಬೆಳೆದಿರುವುದಿಲ್ಲವಾದ್ದರಿಂದ ಅವುಗಳ ರೆಕ್ಕೆಯ ಬದುಕು ಕೆಲವೇ ದಿನಗಳದ್ದು. ಇದೇ ಕುಟುಂಬದ ಬೇರೆ ಕುಲಗಳಲ್ಲಿ ದೇಹಕ್ಕಿಂತ ಉದ್ದದ ಸೊಂಡಿಲಿನಿಂದ ಹೂವಿನ ಮಕರಂದ ಹೀರುವ ನೊಣಗಳೂ ಇವೆ. ಮೊಟ್ಟೆಯೊಡೆದು ಬರುವ ಮರಿಹುಳು ಒಂದು ಮಿಲಿಮೀಟರಿಗಿಂತಲೂ ಎಷ್ಟೋ ಚಿಕ್ಕದು. ಮಳೆಗಾಲದಲ್ಲಿ ಬೆಟ್ಟಕ್ಕೆ ಹೋದವರು ರಕ್ತ ಹೀರುವ ಉಂಬಳ ಎಲೆಯ ಮೇಲೆ ಹಿಂಬದಿಯಲ್ಲಿ ನಿಂತು ಮುಂಬದಿಯನ್ನು ಗಾಳಿಯಲ್ಲಿ ಆಡಿಸುವುದನ್ನು ಕಂಡಿರುತ್ತಾರಲ್ಲ, ಈ ಮರಿಯೂ ಥೇಟು ಹಾಗೆಯೇ ನಿಂತು ಕಾಯುತ್ತದೆ, ಉಂಬಳದ ಹಾಗೆಯೇ ಮಡಚಿ ಚಾಚಿ ನಡೆಯುತ್ತದೆ, ಕೆಲವು ಜಾತಿಯವು ಜಿಗಿಯುವುದೂ ಉಂಟು. ಹಾದುಹೋಗುವ ಜೇಡ ಸಿಕ್ಕಿದರೆ ಅದರ ಕಾಲನ್ನೇರಿ, ಕೀಲಿನ ಮೆತ್ತನೆಯ ಚರ್ಮವನ್ನು ತೂರಿ ಒಳಗೆ ಸೇರುತ್ತದೆ. ಸಿಗದಿದ್ದರೆ ಸತ್ತುಹೋಗುತ್ತದೆ. ಹೆಚ್ಚಿನವು ಸಾಯುತ್ತವೆ, ಅಷ್ಟೊಂದು ಮೊಟ್ಟೆ ಬೇಕಾಗುವುದು ಅದಕ್ಕೇ.

ಒಳಹೊಕ್ಕ ಮರಿ ಜೇಡದ ಹೊಟ್ಟೆಯ ಮುಂಭಾಗದಲ್ಲಿರುವ ಶ್ವಾಸಕೋಶದ ಕಡೆಗೆ ಸಾಗುತ್ತದೆ. ಜೇಡಗಳ ಶ್ವಾಸಕೋಶ ಪುಸ್ತಕದ ಹಾಳೆಗಳ ಹಾಗೆ ಪದರ ಪದರವಾಗಿರುವುದರಿಂದ ಅದನ್ನು ಪುಸ್ತಕ ಶ್ವಾಸಕೋಶವೆಂದೇ ಪಠ್ಯಗಳಲ್ಲಿ ಕರೆಯುತ್ತಾರೆ. ಮರಿ ತನ್ನ ಬಾಲದ ತುದಿಯ ಉಸಿರುರಂಧ್ರಗಳನ್ನು ಅಲ್ಲಿಗೆ ಆನಿಸಿಕೊಂಡು, ಜೇಡ ಎಳೆದುಕೊಂಡ ಗಾಳಿಯಲ್ಲೇ ತಾನೂ ಉಸಿರಾಡುತ್ತ ಸುಮ್ಮನಿರುತ್ತದೆ. ಜೇಡ ಎಂದಿನಂತೆ ಬೇಟೆಯಾಡುತ್ತದೆ, ಪೊರೆ ಕಳಚುತ್ತದೆ, ಬೆಳೆಯುತ್ತದೆ. ಹಲವು ವರ್ಷ ಬದುಕುವ ಬಿಲದ ದೊಡ್ಡ ಜೇಡಗಳಲ್ಲಿ ಈ ಕಾಯುವಿಕೆ ವರ್ಷಗಟ್ಟಲೆ ನಡೆಯುತ್ತದೆ. ಕೊನೆಯ ಹಂತದಲ್ಲಿ ಮಾತ್ರ ಮರಿ ಒಮ್ಮೆಲೇ ತಿಂದು ಊದಿಕೊಂಡು, ಜೇಡದ ಹೊಟ್ಟೆಯನ್ನು ಬರಿದುಮಾಡಿ, ತಳಭಾಗವನ್ನು ಸೀಳಿ ಹೊರಬಂದು, ಅಲ್ಲೇ ಹತ್ತಿರದಲ್ಲಿ ಕೋಶವಾಗುತ್ತದೆ. ಕೋಶದಿಂದ ಮತ್ತೆ ಗೂನುಬೆನ್ನಿನ ನೊಣ.

ಕಣ್ಣಿಗೆ ಬೀಳುವ ನೊಣವನ್ನು ಹಿಡಿದು ಸೂಜಿಗೆ ಚುಚ್ಚಿಟ್ಟರೆ ಅದು ಯಾವ ಜೇಡದಿಂದ ಬಂತೆಂದು ಯಾರಿಗೂ ಹೇಳಲಾಗದು. ಹೊಟ್ಟೆಯಲ್ಲಿ ಮರಿಯಿರುವ ಜೇಡ ಹೊರನೋಟಕ್ಕೆ ಉಳಿದ ಜೇಡಗಳಂತೆಯೇ ಇರುತ್ತದೆ. ಆದ್ದರಿಂದ ಇವೆರಡರ ಸಂಬಂಧ ತಿಳಿಯಬೇಕಾದರೆ ಜೇಡವನ್ನು ಸಾಕಿ ಕಾಯಬೇಕು, ಇಲ್ಲವೆ ಸತ್ತ ಜೇಡದ ಪಕ್ಕದಲ್ಲಿ ಬಿದ್ದ ಮರಿಯನ್ನು ಗುರುತಿಸುವ ಕಣ್ಣು ಇರಬೇಕು. ದೊಡ್ಡ ಪ್ರಯೋಗಾಲಯಗಳಿಗಿಂತ ನಮ್ಮ ಜಗಲಿ, ಕೊಟ್ಟಿಗೆ, ಗದ್ದೆಯ ಬದುಗಳಲ್ಲೇ ಇದು ಆಗಬಹುದಾದ ಕೆಲಸ.

ಇದನ್ನು ಇಷ್ಟು ಖಚಿತವಾಗಿ ಹೇಳುವುದಕ್ಕೆ ನನ್ನಿಂದಾದ ಒಂದು ನಷ್ಟವೇ ಕಾರಣ. ಕಳೆದ ವರ್ಷ ಜೂನ್ ತಿಂಗಳಲ್ಲಿ, ಕೊಟ್ಟಿಗೆಗೆ ತಂದ ದರಕಿನ (ಒಣ ಎಲೆಯ) ಬುಟ್ಟಿಯಿಂದ ಕಾಲೊಂದು ಮುರಿದ ತೋಳಜೇಡ ಹೊರಬಂತು. ಅದನ್ನು ಅಗಲ ಬಾಯಿಯ ಬಾಟಲಿಗೆ ಹಾಕಿ, ಬಟ್ಟೆ ಕಟ್ಟಿ, ದಿನಕ್ಕೊಂದು ಸಣ್ಣ ಮಿಡತೆ ಹಾಕುತ್ತಿದ್ದೆ. ಐದನೆಯ ದಿನ ಮಿಡತೆಯನ್ನು ಮುಟ್ಟಲಿಲ್ಲ. ಬಲೆ ಹೆಣೆಯದೆ ಓಡಾಡಿ ಬೇಟೆಯಾಡುವ ಜಾತಿಯದಾದರೂ ಅಂದು ಸಂಜೆ ಬಾಟಲಿಯ ಮೂಲೆಯಲ್ಲಿ ಸಡಿಲವಾದ ತೆಳ್ಳನೆಯ ನೂಲಿನ ಹಾಸು ಹೆಣೆಯಿತು. ಪೊರೆ ಕಳಚಲು ತಯಾರಾಗುತ್ತಿದೆಯೆಂದು ಭಾವಿಸಿದೆ. ಒಳಗಿನ ಮರಿ ಹೊರಬರುವ ಮುನ್ನ ಜೇಡ ಹೀಗೆ ಪೊರೆಯ ಹಾಸನ್ನು ಹೋಲುವ ನೂಲು ಹಾಕುವುದು ಈ ನೊಣಗಳ ವಿಷಯದಲ್ಲಿ ದಾಖಲಾಗಿದೆಯೆಂದು ತಿಳಿದದ್ದು ಆಮೇಲೆ. ಬೆಳಗ್ಗೆ ನೋಡಿದರೆ ಜೇಡದ ಹೊಟ್ಟೆ ಒಣಗಿದ ದ್ರಾಕ್ಷಿಯ ಸಿಪ್ಪೆಯಾಗಿತ್ತು. ಅದರ ಪಕ್ಕ, ಅದೇ ನೂಲಿಗೆ ಆತುಕೊಂಡು, ಕೆನೆಬಣ್ಣದ, ಕಾಲಿಲ್ಲದ, ಕತ್ತಿನ ಕಡೆ ಸಪೂರವಾಗಿ ಹಿಂದೆ ದಪ್ಪಗಿದ್ದ ಹುಳು ಮಲಗಿತ್ತು. ಇಷ್ಟು ದೊಡ್ಡದು ಆ ಹೊಟ್ಟೆಯಲ್ಲಿ ಹೇಗಿತ್ತೆಂದು ನಾನು ಬಹಳ ಹೊತ್ತು ನೋಡುತ್ತ ಕೂತಿದ್ದೆ.

ಆಮೇಲೆ ಎರಡು ತಪ್ಪು ಮಾಡಿದೆ. ಹುಳುವಿಗೆ ತೊಂದರೆಯಾಗದಿರಲಿ ಎಂದು ಜೇಡದ ಸಿಪ್ಪೆಯನ್ನು ತೆಗೆದು ಅಂಗಳಕ್ಕೆ ಎಸೆದೆ. ಹುಳು ಮರುದಿನ ಕೋಶವಾಯಿತು. ಆಷಾಢದ ಆ ಜಿಡ್ಡು ಥಂಡಿಯಲ್ಲಿ ಬಾಟಲಿಯ ಬಟ್ಟೆ ಒದ್ದೆಯಾದದ್ದನ್ನು ಗಮನಿಸದೆ ಎರಡು ದಿನ ಮದುವೆಮನೆಗೆ ಹೋಗಿಬಂದೆ. ಬರುವಷ್ಟರಲ್ಲಿ ಕೋಶದ ಮೇಲೆ ಬೂಷ್ಟು ಹಿಡಿದು ಬೆಳ್ಳಗಾಗಿತ್ತು. ನೊಣ ಬರಲಿಲ್ಲ. ಸಿಪ್ಪೆಯನ್ನು ಉಳಿಸಿಕೊಂಡಿದ್ದರೆ ಅದರ ಕಣ್ಣುಗಳ ಜೋಡಣೆ, ಕಾಲಿನ ಮುಳ್ಳುಗಳನ್ನು ನೋಡಿ ಜೇಡದ ಕುಲವನ್ನಾದರೂ ತಜ್ಞರು ಹೇಳುತ್ತಿದ್ದರು. ಬೂಷ್ಟು ಹಿಡಿಯುವ ಮೊದಲೇ ಕೋಶವನ್ನು ಮದ್ಯಸಾರದಲ್ಲಿ ಹಾಕಿಟ್ಟಿದ್ದರೆ ಅದರ ಡಿಎನ್‌ಎಯನ್ನು ಬೇಲಿಯ ಕಡ್ಡಿಯ ನೊಣದ ಡಿಎನ್‌ಎಗೆ ಹೋಲಿಸಿ ಎರಡೂ ಒಂದೇ ಹೌದೋ ಅಲ್ಲವೋ ಹೇಳಬಹುದಿತ್ತು. ನಮ್ಮ ಮನೆಯ ಅಂಗಳದಲ್ಲೇ ಸಿದ್ಧವಾಗಿ ಸಿಕ್ಕಿದ್ದ ಮಾಹಿತಿ ನನ್ನ ಕೈಯಿಂದಲೇ ಹಾಳಾಯಿತು. ಅದಕ್ಕೂ ಮೊದಲು ಎಷ್ಟು ವರ್ಷ ಹೊಟ್ಟೆ ಬರಿದಾದ ಜೇಡಗಳನ್ನು ಜಗಲಿಯ ಮೂಲೆಯಿಂದ ಪೊರಕೆಯಲ್ಲಿ ಗುಡಿಸಿ ಎಸೆದಿದ್ದೇನೋ ಲೆಕ್ಕವಿಲ್ಲ.

ಈ ಜಿಲ್ಲೆಗೆ ಇಂಥ ಕೆಲಸ ಹೊಸತೇನಲ್ಲ. 1890ರ ದಶಕದಲ್ಲಿ, ಉತ್ತರ ಕನ್ನಡವು ಮುಂಬಯಿ ಪ್ರಾಂತ್ಯದಲ್ಲಿದ್ದಾಗ, ಅರಣ್ಯ ಇಲಾಖೆಯ ಟಿ. ಆರ್. ಬೆಲ್, ಜಿಲ್ಲಾ ಕಲೆಕ್ಟರ್ ಜೆ. ಡೇವಿಡ್‌ಸನ್, ಉಪ್ಪಿನ ಇಲಾಖೆಯ ಇ. ಎಚ್. ಐಟ್ಕನ್ ಈ ಮೂವರು ಸೇರಿ ಇಲ್ಲಿಯ ಚಿಟ್ಟೆಗಳ ಬಗ್ಗೆ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಬರೆದರು. ಅವರ ಬರಹಕ್ಕೆ ಇಂದಿಗೂ ಬೆಲೆಯಿರುವುದು ರೆಕ್ಕೆಯ ಬಣ್ಣವನ್ನು ವರ್ಣಿಸಿದ್ದಕ್ಕಲ್ಲ; ಕಂಬಳಿಹುಳುಗಳನ್ನು ತಂದು ಸಾಕಿ, ಯಾವ ಹುಳು ಯಾವ ಗಿಡ ತಿಂದು ಯಾವ ಚಿಟ್ಟೆಯಾಗುತ್ತದೆ ಎಂದು ಒಂದೊಂದಾಗಿ ಕಂಡು ಬರೆದದ್ದಕ್ಕೆ. ಬೆಲ್ ನಿವೃತ್ತಿಯ ನಂತರವೂ ಕಾರವಾರದಲ್ಲೇ ನೆಲೆಸಿ 1948ರಲ್ಲಿ ಅಲ್ಲಿಯೇ ತೀರಿಕೊಂಡರು. ಚಿಟ್ಟೆಗೆ ಆಹಾರದ ಗಿಡ ಹೇಗೋ ಈ ನೊಣಕ್ಕೆ ಜೇಡ ಹಾಗೆ. ಗಿಡದ ಹೆಸರಿಲ್ಲದೆ ಚಿಟ್ಟೆಯ ಕಥೆ ಅರ್ಧವಾಗುವಂತೆ ಜೇಡದ ಹೆಸರಿಲ್ಲದೆ ಈ ನೊಣದ ಕಥೆಯೂ ಅರ್ಧವೇ. ಆ ಅಧಿಕಾರಿಗಳಿಗೆ ಮೈಲುಗಟ್ಟಲೆ ಕಾಡು ಸುತ್ತಬೇಕಿತ್ತು. ನಾವಾದರೋ ಆ ಕಾಡಿನ ಅಂಚಿನಲ್ಲೇ ಮನೆ ಕಟ್ಟಿಕೊಂಡಿದ್ದೇವೆ.

ನಮ್ಮ ಧರೆಗಳನ್ನೇ ನೋಡಿ. ಘಟ್ಟದ ರಸ್ತೆಯಂಚಿನ ಮಣ್ಣಿನ ಧರೆಗಳಲ್ಲಿ, ಸೊಪ್ಪಿನಬೆಟ್ಟದ ಅಗಳಗಳಲ್ಲಿ ಬಿಲ ಮಾಡಿಕೊಂಡಿರುವ ಅಂಗೈಯಗಲದ ರೋಮಭರಿತ ಜೇಡಗಳನ್ನು ರಾತ್ರಿ ಬ್ಯಾಟರಿ ಹಿಡಿದು ಹೋದವರು ಕಂಡಿರುತ್ತಾರೆ. ಈ ಗುಂಪಿನ ಥ್ರಿಗ್ಮೋಪಿಯಸ್ ಎಂಬ ಕುಲವನ್ನು ಪೊಕಾಕ್ ಎಂಬ ಪ್ರಾಣಿಶಾಸ್ತ್ರಜ್ಞರು 1899ರಲ್ಲಿ ಹೆಸರಿಸಿದರು. ಅದು ಪಶ್ಚಿಮ ಘಟ್ಟವನ್ನು ಬಿಟ್ಟರೆ ಬೇರೆಲ್ಲೂ ಇಲ್ಲ. ಪುಟ್ಟತಲೆಯ ನೊಣಗಳ ಕುಟುಂಬದಲ್ಲಿ ಒಂದು ಶಾಖೆ ಪೂರ್ತಿಯಾಗಿ ಇಂಥ ಬಿಲದ ಜೇಡಗಳನ್ನೇ ನಂಬಿ ಬದುಕುತ್ತದೆ. ರಸ್ತೆ ಅಗಲ ಮಾಡಲು ಯಂತ್ರ ಹಚ್ಚಿ ಧರೆ ಸವರುವಾಗ ಬಿಲಗಳ ಜೊತೆ ಏನೇನು ಹೋಗುತ್ತಿದೆಯೆಂದು ಕೇಳುವವರಿಲ್ಲ. ನಮ್ಮೂರಿನ ತಿರುವಿನಲ್ಲಿ ನಾನು ಎಣಿಸಿಟ್ಟುಕೊಂಡಿದ್ದ ಹದಿನಾಲ್ಕು ಬಿಲಗಳು ಒಂದೇ ಮಧ್ಯಾಹ್ನದಲ್ಲಿ ಹೋದವು. ಆ ಜೇಡಗಳನ್ನು ಅಗೆದು ತೆಗೆಯಿರಿ ಎಂದು ನಾನು ಖಂಡಿತ ಹೇಳುತ್ತಿಲ್ಲ. ಅವು ನಿಧಾನವಾಗಿ ಬೆಳೆಯುವ, ದೀರ್ಘಕಾಲ ಬದುಕುವ ಜೀವಿಗಳು, ಇದ್ದಲ್ಲೇ ಇರಬೇಕು. ಧರೆ ಕಡಿಯುವುದು ಅನಿವಾರ್ಯವಾದಲ್ಲಿ ಮೊದಲೊಮ್ಮೆ ನೋಡಿ ಬರೆದುಕೊಳ್ಳುವ ವ್ಯವಸ್ಥೆಯಾದರೂ ಬೇಕು.

ಅಡಿಕೆ ವ್ಯಾಪಾರಕ್ಕೆ ಹೋದಾಗ ಪರಿಚಯದ ರೈತರೊಬ್ಬರು ನನ್ನನ್ನು ಕೇಳಿದರು: "ಅಕ್ಕೋರೆ, ಜೇಡ ನಮಗೆ ಉಪಕಾರಿ ಅಂತ ನೀವೇ ಶಾಲೆಯಲ್ಲಿ ಹೇಳಿದ್ದು. ಅದನ್ನು ಕೊಲ್ಲುವ ನೊಣದ ಮೇಲೆ ನಿಮಗೆ ಇಷ್ಟು ಪ್ರೀತಿ ಯಾಕೆ?" ಪ್ರಶ್ನೆ ನ್ಯಾಯವಾದದ್ದೇ. ಭತ್ತದ ಗದ್ದೆಯಲ್ಲಿ ಕಂದು ಜಿಗಿಹುಳವನ್ನು ಹಿಡಿದು ತಿನ್ನುವವರಲ್ಲಿ ತೋಳಜೇಡ ಮುಖ್ಯವಾದದ್ದು; ಘಟ್ಟದ ಮೇಲಿನ ಗದ್ದೆಗಳಲ್ಲಾಗಲಿ, ಅಘನಾಶಿನಿ ಹೊಳೆಯ ಉಪ್ಪುನೀರಿನ ಗಜನಿ ಗದ್ದೆಗಳಲ್ಲಿ ಕಗ್ಗ ಭತ್ತ ಬೆಳೆಯುವಲ್ಲಾಗಲಿ, ಬದುವಿನ ಮೇಲೆ ನಡೆದರೆ ಕಾಲಡಿಯಿಂದ ಸರಿದೋಡುವ ಜೇಡಗಳು ಸಾಮಾನ್ಯವಾಗಿ ಇವೇ. ಆದರೆ ಅವುಗಳ ಸಂಖ್ಯೆ ಒಂದು ವರ್ಷ ಹೆಚ್ಚಿ ಇನ್ನೊಂದು ವರ್ಷ ತಗ್ಗುವುದೇಕೆ ಎಂಬುದಕ್ಕೆ ಔಷಧಿ ಹೊಡೆದದ್ದೊಂದೇ ಉತ್ತರವಾಗಬೇಕಿಲ್ಲ. ಜೇಡವನ್ನು ರೈತನ ಮಿತ್ರನೆಂದು ಎಣಿಸುವವರು ಅದರ ಆಯುಷ್ಯವನ್ನು ನಿರ್ಧರಿಸುವ ಜೀವಿಗಳನ್ನೂ ಎಣಿಸಲೇಬೇಕು. ಅದಲ್ಲದೆ, ಉಪಕಾರವಿದ್ದರೆ ಮಾತ್ರ ಹೆಸರು ಬರೆಯುತ್ತೇವೆ ಎಂದರೆ ಅದು ಬೆಳೆ ಲೆಕ್ಕವಾಗುತ್ತದೆಯೇ ಹೊರತು ಜೀವವೈವಿಧ್ಯದ ದಾಖಲೆಯಾಗುವುದಿಲ್ಲ. ಇದು ನನ್ನ ದೃಢವಾದ ಅಭಿಪ್ರಾಯ.

ಹಾಗಾಗಿ ಓದುಗರಲ್ಲಿ ನನ್ನ ಕೋರಿಕೆ ಇಷ್ಟು. ಮನೆಯಲ್ಲಿ, ಕೊಟ್ಟಿಗೆಯಲ್ಲಿ, ತೋಟದಲ್ಲಿ ಹೊಟ್ಟೆ ಕುಗ್ಗಿ ಸತ್ತ ಜೇಡ ಕಂಡರೆ ಗುಡಿಸುವ ಮೊದಲು ಸುತ್ತ ಒಂದು ಗೇಣಿನಷ್ಟು ಜಾಗವನ್ನು ನೋಡಿ. ಕೆನೆಬಣ್ಣದ ಹುಳುವೋ ಕೋಶವೋ ಇದ್ದರೆ ಎರಡನ್ನೂ ಒಂದೇ ಬಾಟಲಿಯಲ್ಲಿಡಿ, ಬೇರೆ ಮಾಡಬೇಡಿ. ಬಾಯಿಗೆ ಒಣ ಬಟ್ಟೆ ಕಟ್ಟಿ, ದಿನಾ ಬದಲಿಸಿ, ಒಲೆಯ ಹತ್ತಿರದ ಬೆಚ್ಚನೆಯ ಕೋಣೆಯಲ್ಲಿಟ್ಟರೆ ಬೂಷ್ಟು ಹಿಡಿಯದು. ದಿನಾಂಕ, ಊರು, ಸಿಕ್ಕ ಜಾಗವನ್ನು ಪೆನ್ಸಿಲಿನಲ್ಲಿ ಚೀಟಿಯ ಮೇಲೆ ಬರೆದು ಒಳಗೇ ಹಾಕಿ. ಮುಂದೆ ಮಾದರಿಯನ್ನು ಮದ್ಯಸಾರದಲ್ಲಿ ಹಾಕಿಟ್ಟಾಗ ಪೆನ್ನಿನ ಶಾಯಿ ಕರಗಿ ಹೋಗುತ್ತದೆ. ನೊಣ ಹೊರಬಂದರೆ ಫೋನಿನಲ್ಲಿ ಮೇಲಿನಿಂದಲೂ ಪಕ್ಕದಿಂದಲೂ ಚಿತ್ರ ತೆಗೆದುಕೊಳ್ಳಿ. ಅಭಯಾರಣ್ಯ ಮತ್ತು ಹುಲಿ ಸಂರಕ್ಷಿತ ಪ್ರದೇಶದೊಳಗೆ ಅನುಮತಿಯಿಲ್ಲದೆ ಏನನ್ನೂ ಹಿಡಿಯಬಾರದೆಂಬುದನ್ನು ಮರೆಯಬಾರದು. ನಮ್ಮ ಅಂಗಳ, ಗದ್ದೆ, ತೋಟಗಳೇ ಈ ಕೆಲಸಕ್ಕೆ ಧಾರಾಳ ಸಾಕು.

ಶಿರಸಿಯಲ್ಲಿ ಅರಣ್ಯ ಮಹಾವಿದ್ಯಾಲಯವಿದೆ. ಕಾರವಾರದ ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗವಿದ್ದು, ಏಡಿ, ಸಿಗಡಿ, ಚಿಪ್ಪುಜೀವಿಗಳ ಮೇಲೆ ವಿದ್ಯಾರ್ಥಿಗಳು ಅಲ್ಲಿ ದಶಕಗಳಿಂದ ಕೆಲಸ ಮಾಡಿದ್ದಾರೆ. ಆ ಶ್ರದ್ಧೆಯ ಒಂದು ಪಾಲು ನೆಲದ ಜೇಡಗಳಿಗೂ ಸಲ್ಲಬೇಕು. ಜಿಲ್ಲೆಯ ಪದವಿ ಕಾಲೇಜುಗಳ ಪ್ರಾಣಿಶಾಸ್ತ್ರ ವಿಭಾಗಗಳು ಒಂದೊಂದು ತಾಲೂಕನ್ನು ವಹಿಸಿಕೊಂಡು, ಜನ ತಂದುಕೊಟ್ಟ ಬಾಟಲಿಗಳನ್ನು ಪಡೆದು ಇಡುವ ಒಂದು ಕಪಾಟನ್ನು ತೆರೆದರೆ ಸಾಕು. ಗುರುತಿಸುವ ಕೆಲಸಕ್ಕೆ ಬೆಂಗಳೂರಿನ ಹೆಬ್ಬಾಳದ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋದಲ್ಲೂ ಕೊಲ್ಕತ್ತದ ಭಾರತೀಯ ಪ್ರಾಣಿ ಸರ್ವೇಕ್ಷಣಾಲಯದಲ್ಲೂ ಕೀಟಗಳ ದೊಡ್ಡ ಸಂಗ್ರಹಗಳಿವೆ. ಪಂಚಾಯಿತಿಗಳ ಜೀವವೈವಿಧ್ಯ ನಿರ್ವಹಣಾ ಸಮಿತಿಗಳು ತಮ್ಮ ಪುಸ್ತಕವನ್ನು ಪರಿಷ್ಕರಿಸುವಾಗ ಜೇಡಗಳಿಗೆ ಒಂದು ಪುಟ, ಅವುಗಳನ್ನು ಆಶ್ರಯಿಸಿದ ಕೀಟಗಳಿಗೆ ಅದರಲ್ಲೇ ಒಂದು ಕಾಲಂ ಸೇರಿಸಬೇಕೆಂದು ಕೋರುತ್ತೇನೆ. ನಮ್ಮ ಸಮಿತಿಗೆ ಅರ್ಜಿಯನ್ನು ಈಗಾಗಲೇ ಕೊಟ್ಟಿದ್ದೇನೆ. ಅದರ ಜೊತೆ ಬೇಲಿಕಡ್ಡಿಯ ನೊಣದ ಚಿತ್ರವನ್ನೂ, ಬೂಷ್ಟು ಹಿಡಿದ ಕೋಶದ ವಿವರವನ್ನೂ ಲಗತ್ತಿಸಿದ್ದೇನೆ.

ಕೊನೆಕೊಯ್ಲಿನ ಬೆನ್ನಿಗೇ ತೋಟದ ಬೇಲಿಗಳ ಒಣ ಕಡ್ಡಿಗಳನ್ನು ಕಡಿದು ಒಟ್ಟಿ ಸುಡುವ ಕೆಲಸ ಶುರುವಾಗುತ್ತದೆ, ಮೊಟ್ಟೆಗಳಿರುವುದು ಆ ಕಡ್ಡಿಗಳ ಮೇಲೆಯೇ. ಆದುದರಿಂದ ಈ ಪತ್ರವನ್ನು ಅದಕ್ಕೆ ಮೊದಲೇ ಪ್ರಕಟಿಸಬೇಕೆಂದು ವಿನಂತಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ವಿಜ್ಞಾನ ಶಿಕ್ಷಕಿ
ಶಿರಸಿ ತಾಲೂಕು, ಉತ್ತರ ಕನ್ನಡ